ಹೊರಕ್ಕೆ ತೆರೆಯುವ ಬಾಗಿಲು

ಮರುಭೂಮಿಯ ಬಾವಿಯೊಂದರ ಸುತ್ತ ಬೆಳೆದ ಊರಿನಲ್ಲಿ ಯಾವ ಮನೆಗೂ ಬಾಗಿಲಿರಲಿಲ್ಲ, ಆಡಿನ ಕೂದಲಿನ ಪರದೆ ಇತ್ತು. ಮರಳುಗಾಳಿಗೆ ಸಿಕ್ಕವರು ಯಾರ ಮನೆಯ ಪರದೆಯನ್ನಾದರೂ ಎತ್ತಿ ಒಳಗೆ ಹೋಗಬಹುದಿತ್ತು. ಧೂಪದ ವ್ಯಾಪಾರಿ ಜದೀಮ ಕಡಲಾಚೆಯಿಂದ ಮರದ ಬಾಗಿಲು ತರಿಸಿದ. ಪರದೆಯನ್ನು ಹೊರಕ್ಕೆ ಎತ್ತಿ ರೂಢಿಯಾಗಿದ್ದ ಅವನು ಅದನ್ನೂ ಹೊರಕ್ಕೇ ತೆರೆಯುವಂತೆ ಕೂರಿಸಿದ.

ಬಾಗಿಲು ಪಕ್ಕದ ಮನೆಯ ಪರದೆಗೆ ಹೇಳಿತು: “ನಿನ್ನನ್ನು ಯಾರು ಬೇಕಾದರೂ ಎತ್ತುತ್ತಾರೆ. ನಾನು ಯಜಮಾನನ ಅಪ್ಪಣೆಯಿಲ್ಲದೆ ಅಲುಗುವುದಿಲ್ಲ.”

“ಎತ್ತಲೆಂದೇ ನನ್ನನ್ನು ನೇಯ್ದದ್ದು,” ಎಂದಿತು ಪರದೆ.

ಒಂದು ಮಧ್ಯಾಹ್ನ ಜದೀಮ ಬಾವಿಯ ಬಳಿ ಇದ್ದಾಗ ಮರಳುಗಾಳಿ ಎದ್ದಿತು. ಅವನು ತಡವರಿಸುತ್ತ ಮನೆ ಮುಟ್ಟುವಷ್ಟರಲ್ಲಿ ಬಾಗಿಲ ಮುಂದೆ ಸೊಂಟದೆತ್ತರ ಮರಳು ಬಿದ್ದಿತ್ತು.

“ತೆರೆ, ನಾನೇ ನಿನ್ನ ಯಜಮಾನ,” ಎಂದು ಎಳೆದ.

“ಅಪ್ಪಣೆ ಕೇಳಿಸಿತು ಸ್ವಾಮಿ. ಅಲುಗಲು ಆಗುತ್ತಿಲ್ಲ,” ಎಂದಿತು ಬಾಗಿಲು.

ಉಸಿರು ಕಟ್ಟುತ್ತಿದ್ದ ಜದೀಮ ಗೋಡೆ ಹಿಡಿದು ತೆವಳಿದ. ಪಕ್ಕದ ಮನೆಯ ಪರದೆ ಕೈಗೆ ಸಿಕ್ಕಿತು. ಮರಳಿನಲ್ಲಿ ಹೂತಿದ್ದ ಅದರ ಅಂಚನ್ನು ಎಳೆದೆತ್ತಿ ಒಳಗೆ ಉರುಳಿದ.

ಗಾಳಿ ನಿಂತ ಮೇಲೆ ಅವನು ಬಾಗಿಲನ್ನು ಕಿತ್ತು ಊರ ಬಾವಿಗೆ ಮುಚ್ಚಳ ಮಾಡಿದ. ನೀರಿಗೆ ಮರಳು ಬೀಳುವುದು ತಪ್ಪಿತು.

“ಅಲ್ಲಿ ಹೇಗಿದ್ದೀಯ?” ಎಂದು ಪರದೆ ವಿಚಾರಿಸಿತು.

“ಬಾಯಾರಿದವರು ಯಾರು ಬೇಕಾದರೂ ನನ್ನನ್ನು ಎತ್ತುತ್ತಾರೆ,” ಎಂದು ಬಾಗಿಲು ಹೆಮ್ಮೆಯಿಂದ ಹೇಳಿತು.