ನರಿಯ ಲೇಔಟು, ಮೊಲದ ಗುಂಡಿ

ಮಕ್ಕಳೇ, ಸುಣ್ಣಗುಡ್ಡದ ಕಾಡಿನಲ್ಲಿ ಒಂದು ಹೊಂಡವಿತ್ತು. ಎಂಥ ಹೊಂಡ ಅಂತೀರಿ? ಚಿಕ್ಕಂದಿನಲ್ಲಿ ನಾನು ಸೋಮವಾರ ಮುಳುಗು ಹಾಕಿದರೆ ಗುರುವಾರ ಮೇಲೆ ಬರುತ್ತಿದ್ದೆ. ಆಮೇಲೆ ಮೂರು ವರ್ಷ ಮಳೆಯಿಲ್ಲದೆ ಅದು ಬತ್ತಿ ಬಯಲಾಯಿತು. ಬತ್ತಿದ ಮೇಲೆ ಹುಟ್ಟಿದ ಪ್ರಾಣಿಗಳಿಗೆ ಅಲ್ಲಿ ನೀರಿತ್ತೆಂಬುದೇ ಗೊತ್ತಿರಲಿಲ್ಲ.

ನರಿಗೆ ಗೊತ್ತಿತ್ತು. ಹಗ್ಗ ಎಳೆದು, ಕಲ್ಲು ನೆಟ್ಟು, ಸೈಟು ಮಾಡಿತು. ಲೇಔಟಿನ ಕೆಲಸ ಅದಕ್ಕೆ ಹೊಸದು, ಬಾಯಿ ಮಾತ್ರ ಹಳೆಯದು.

ದಿಬ್ಬದ ಮೇಲೆ ಒಂದು ಬಸುರಿ ಮೊಲ ಇಕ್ಕಟ್ಟಾದ ಬಿಲದಲ್ಲಿತ್ತು. ಮರಿಗಳಾದರೆ ಜಾಗ ಸಾಲದು. ನರಿ ಬಂದು, ಮೂಲೆ ಸೈಟು ತಗೋ, ಬದಲಿಗೆ ನಿನ್ನ ಬಿಲ ಬಿಟ್ಟುಕೊಡು ಎಂದಿತು.

ಮೊಲಕ್ಕೆ ಅನುಮಾನ. ಇಷ್ಟು ದೊಡ್ಡ ಸೈಟು ಬಿಟ್ಟು ಇವನಿಗೆ ನನ್ನ ಇಕ್ಕಟ್ಟು ಬಿಲ ಯಾಕೆ? ಹೋಗಿ ನೋಡಿದರೆ ನೆಲದ ತುಂಬ ಬಸವನಹುಳುವಿನ ಚಿಪ್ಪು. ಕೇಳಿದ್ದಕ್ಕೆ, ಅಂದಕ್ಕೆಂದು ಹಾಕಿಸಿದ್ದು ಎಂದಿತು ನರಿ. ಒಂದು ಮುದಿ ಕೊಕ್ಕರೆ ದಿನವೂ ಬಂದು ನೆಲ ದಿಟ್ಟಿಸಿ ಹೋಗುತ್ತಿತ್ತು. ಅದಕ್ಕೂ ನರಿ, ಅವನೂ ಸೈಟು ನೋಡುವವನೇ ಎಂದಿತು.

"ನೀರಿಗೇನು ಮಾಡೋದು?" ಎಂದು ಮೊಲ ಕೇಳಿತು.

"ಅದರ ಚಿಂತೆ ಬಿಡಮ್ಮ. ನೀರು ಬಾಗಿಲಿಗೇ ಬರುತ್ತೆ."

ಆಗಲೇ ಅಲ್ಲಿ ಮನೆ ಮಾಡಿದ್ದ ಹೆಗ್ಗಣ ನಕ್ಕಿತು. "ನಿನಗೆ ನಿನ್ನ ನೆರಳಿನ ಮೇಲೂ ಅನುಮಾನ ಕಣಕ್ಕ. ಇವತ್ತು ಬಿಟ್ಟರೆ ಮೂಲೆ ಸೈಟು ಬೇರೆಯವರ ಪಾಲು."

ಮೊಲ ತನ್ನ ಅಜ್ಜಿಯ ಪದ್ಧತಿ ಹೇಳಿತು: ಒಂದು ಮೊಳ ಗುಂಡಿ ತೋಡಿ ಅದೇ ಮಣ್ಣು ತುಂಬಬೇಕು. ಮಣ್ಣು ಮಿಕ್ಕರೆ ನೆಲ ಗಟ್ಟಿ, ಸಾಲದೆ ಹೋದರೆ ಸಡಿಲ. ಹೊಟ್ಟೆ ಹೊತ್ತುಕೊಂಡು ಯಾಕಮ್ಮ ಈ ಕಷ್ಟ ಎಂದು ನರಿ ತಡೆಯುವಷ್ಟರಲ್ಲಿ ಮೊಲ ಅರ್ಧ ಗುಂಡಿ ತೋಡಿತ್ತು.

ಗುಂಡಿಯೊಳಗಿಂದ ಒಂದು ಕಪ್ಪೆ ಕಣ್ಣುಜ್ಜುತ್ತ ತಲೆಯೆತ್ತಿತು.

"ನನ್ನ ಕದ ತೆಗೆದವರು ಯಾರು? ಹೊಂಡ ತುಂಬಿತಾ?"

ಮೊಲ ನರಿಯನ್ನು ನೋಡಿತು. ನರಿ ಆಕಾಶ ನೋಡಿತು. ಮೊಲ ಕಾಲಿನ ಮಣ್ಣು ಕೊಡವಿ ದಿಬ್ಬ ಹತ್ತಿತು. ನಿದ್ದೆಗಣ್ಣಿನ ಕಪ್ಪೆಯ ಮಾತು ಯಾರು ಕೇಳುತ್ತಾರೆ ಎಂದು ಹೆಗ್ಗಣ ಅಲ್ಲೇ ಉಳಿಯಿತು. ಮುಂದಿನ ಗಿರಾಕಿಗೆ ಕಾಯುತ್ತ ನರಿಯೂ ಉಳಿಯಿತು.

ನಾಲ್ಕನೇ ದಿನ ಮಳೆ ಹೊಯ್ಯಿತು. ಒಂದೊಂದು ಹನಿಯೂ ನನ್ನ ರುಮಾಲಿನಷ್ಟು ದಪ್ಪ, ಬೇಕಾದರೆ ಆ ಕೊಕ್ಕರೆಯನ್ನು ಕೇಳಿ. ಹೆಗ್ಗಣ ಈಜಿ ಬಂದು ದಿಬ್ಬ ಸೇರಿತು. ಅಷ್ಟರಲ್ಲಿ ಹುಟ್ಟಿದ್ದ ಆರು ಮರಿಗಳ ನಡುವೆಯೇ ಮೊಲ ಅದಕ್ಕೂ ಜಾಗ ಮಾಡಿತು. ನರಿಗೆ ಉಳಿದದ್ದು ಮೂಲೆ ಸೈಟಿನ ಕಲ್ಲಿನ ತುದಿ. ಬಾಲ ಎತ್ತಿ ಹಿಡಿದು ಅದರ ಮೇಲೆ ಕೂತಿತು.

ಮೊಲ ಬಿಲದ ಬಾಯಿಂದ ಇಣುಕಿ ಹೇಳಿತು: "ನೀನು ಮಾತು ಉಳಿಸಿಕೊಂಡೆ ನರಿಯಣ್ಣ. ನೀರು ಬಾಗಿಲಿಗೇ ಬಂತು."

ನೀತಿ: ಮನೆ ಕಟ್ಟುವವರು ಮೊದಲು ನೆಲ ಅಗೆದು ನೋಡಬೇಕು, ಮಾರುವವನ ಮಾತು ಆಮೇಲೆ ಕೇಳಿದರಾಯಿತು.