ಉಗ್ರಾಣದವನ ಫೋನು

ಕೇಳುವ ಮೊದಲೇ ಉಸಿರು ಕೊಟ್ಟ ಸ್ವಾಮಿಗೆ ಮೊದಲ ನಮಸ್ಕಾರ.

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: “ಗುರುಗಳೇ, ಕಷ್ಟದಲ್ಲಿದ್ದಾಗ ದೇವರು ಪಕ್ಕದಲ್ಲೇ ಇದ್ದ ಹಾಗಿತ್ತು. ಈಗ ಅವನ ದಯೆಯಿಂದ ಯಾವುದಕ್ಕೂ ಕೊರತೆಯಿಲ್ಲ. ಆದರೆ ಅವನೇ ಎಲ್ಲೋ ದೂರ ಹೋದಂತಿದೆ. ಯಾಕೆ ಹೀಗೆ?”

ಗುರುಗಳು ಹೇಳತೊಡಗಿದರು:

ಕಡಲ ತೀರದ ಒಂದು ಊರಿನಲ್ಲಿ ಒಂದು ಸೂಪರ್ ಕಂಪ್ಯೂಟರ್ ಇತ್ತಪ್ಪ. ಮಳೆ, ಗಾಳಿ, ಮೋಡಗಳ ಲೆಕ್ಕ ಹಾಕುವುದು ಅದರ ಕೆಲಸ. ಅದಕ್ಕೆ ಲೆಕ್ಕ ನಡೆಯುವ ಮೆಮೊರಿ ಬೇರೆ, ಫೈಲುಗಳನ್ನು ಇಡುವ ಉಗ್ರಾಣ ಬೇರೆ. ಮೆಮೊರಿ ಬಲು ಚುರುಕು. ಆದರೆ ಕರೆಂಟು ಹೋದರೆ ಅದರಲ್ಲಿದ್ದದ್ದೆಲ್ಲ ಹೋಯಿತು. ಉಗ್ರಾಣ ನಿಧಾನ, ಆದರೆ ಇಟ್ಟದ್ದನ್ನು ಬಿಡುವುದಿಲ್ಲ. ಹಾಗಾಗಿ ಆಗಾಗ ಲೆಕ್ಕವನ್ನು ನಿಲ್ಲಿಸಿ, ಅಲ್ಲಿಯವರೆಗಿನದನ್ನು ಮೆಮೊರಿಯಿಂದ ಉಗ್ರಾಣಕ್ಕೆ ಇಳಿಸಬೇಕಿತ್ತು.

ಮೆಮೊರಿಯನ್ನು ಒಬ್ಬ ನೋಡಿಕೊಳ್ಳುತ್ತಿದ್ದ, ಉಗ್ರಾಣವನ್ನು ಇನ್ನೊಬ್ಬ. ಕಟ್ಟಡದ ಆ ತುದಿಗೊಬ್ಬ, ಈ ತುದಿಗೊಬ್ಬ. ಇಳಿಸುವ ಮುನ್ನ ಮೆಮೊರಿಯವನು ಫೋನು ಮಾಡುವುದು ಪದ್ಧತಿ.

“ಉಗ್ರಾಣದವರೇ, ಜಾಗ ಉಂಟೋ ಇಲ್ಲವೋ?”

“ನಿಮ್ಮ ಮೋಡಗಳಿಗೆ ಎಷ್ಟು ಜಾಗ ಕೊಟ್ಟರೂ ಸಾಲದು. ಕಳಿಸಿ ಮಾರಾಯ್ರೆ.”

ಇಳಿದು ಮುಗಿಯುವವರೆಗೆ ಇಬ್ಬರಿಗೂ ಕೆಲಸವಿಲ್ಲ. ಫೋನು ಇಡದೆ ಮಾತಾಡುತ್ತಿದ್ದರು. ಹೆಂಡತಿಯನ್ನು ಕಳೆದುಕೊಂಡಿದ್ದ ಉಗ್ರಾಣದವನಿಗೆ ದಿನದಲ್ಲಿ ಮಾತೆಂದರೆ ಅಷ್ಟೇ.

ಆದರೆ ಲೆಕ್ಕ ಹೀಗೆ ನಿಂತು ನಿಂತು, ಮಳೆ ಬಂದು ಹೋದ ಮೇಲೆ ಮಳೆಯ ಮುನ್ಸೂಚನೆ ಸಿದ್ಧವಾಗುತ್ತಿತ್ತು. ಇಬ್ಬರೂ ವರ್ಷಗಟ್ಟಲೆ ದುಡಿದು ಮೆಮೊರಿಯನ್ನೂ ಉಗ್ರಾಣವನ್ನೂ ಒಂದೇ ಮಾಡಿದರು. ಕರೆಂಟು ಹೋದರೂ ಲೆಕ್ಕ ಎಲ್ಲಿ ಹುಟ್ಟಿತೋ ಅಲ್ಲೇ ಉಳಿಯಿತು. ನಿಲ್ಲಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ಎಲ್ಲರೂ ಹೊಗಳಿದರು.

ಅಂದಿನಿಂದ ಫೋನು ಬರಲಿಲ್ಲ.

ಉಗ್ರಾಣದವನು ಫೋನೆತ್ತಿ ಸದ್ದು ಬರುತ್ತದೆಯೇ ಎಂದು ನೋಡುತ್ತಿದ್ದ. ಬರುತ್ತಿತ್ತು. ಒಂದು ದಿನ ಅವನಿಗೆ ಅನ್ನಿಸಿತು: ಉಗ್ರಾಣದ ಒಂದು ಮೂಲೆಯನ್ನು ಮೆಮೊರಿಯಿಂದ ಮತ್ತೆ ಬೇರೆ ಮಾಡಿಬಿಟ್ಟರೆ? ಲೆಕ್ಕ ನಿಲ್ಲುತ್ತದೆ, ಫೋನು ಬರುತ್ತದೆ. ಕೈ ಕೀಲಿಮಣೆಗೆ ಹೋಯಿತು. ಆ ಲೆಕ್ಕವನ್ನು ನಂಬಿ ಕಡಲಿಗೆ ದೋಣಿ ಇಳಿಸುವವರು ನೆನಪಾದರು. “ಸ್ವಾಮೀ, ಕಾಪಾಡು” ಎಂದು ಕೈ ಹಿಂದಕ್ಕೆ ತೆಗೆದ. ಎದ್ದು, ಕಟ್ಟಡದ ಆ ತುದಿಯವರೆಗೆ ನಡೆದು, ಗೆಳೆಯನ ಬಾಗಿಲು ತಟ್ಟಿದ.

“ಎಂತ ಹಾಳಾಯ್ತು?” ಗೆಳೆಯ ಗಾಬರಿಯಿಂದ ಎದ್ದು ನಿಂತ.

“ಎಂತದೂ ಹಾಳಾಗಲಿಲ್ಲ. ಸುಮ್ಮನೆ ಬಂದೆ.”

ಗೆಳೆಯ ಕುರ್ಚಿ ಎಳೆದುಕೊಟ್ಟ. “ಹಾಗೆ ಸುಮ್ಮನೆ ಬರಬಹುದು ಅಂತ ನನಗೆ ಹೊಳೆಯಲೇ ಇಲ್ಲ! ಫೋನು ಮಾಡಲಿಕ್ಕೆ ನಾನು ಒಂದು ಕಾರಣ ಹುಡುಕುತ್ತಲೇ ಇದ್ದೆ ಮಾರಾಯ್ರೆ. ಒಂದೂ ಸಿಗಲಿಲ್ಲ.”

ಗುರುಗಳು ಕತೆ ನಿಲ್ಲಿಸಿ ಶಿಷ್ಯನ ಕಡೆ ನೋಡಿದರು.

“ಕಾರಣವಿಲ್ಲದೆ ನೀನು ದೇವರನ್ನು ಕರೆದು ಎಷ್ಟು ದಿನವಾಯಿತು?”



ಇದನ್ನು ಕೇಳಿದವರೆಲ್ಲರ ಬಾಗಿಲಿಗೆ ಸುಮ್ಮನೆ ಬರುವವರೊಬ್ಬರು ಇರಲಿ. ಸ್ವಾಮಿಯ ಬಾಗಿಲಿಗೆ ಸುಮ್ಮನೆ ಹೋಗುವ ಮನಸ್ಸು ಅವರೆಲ್ಲರಿಗೂ ಬರಲಿ.