ರುಚಿ ನೋಡುವವನಿಲ್ಲದ ಊಟ

ನಮ್ಮಜ್ಜ ಪಾಳೇಗಾರನ ಮನೆ ಅಡುಗೆಯವನು. ಅವನು ಒಗ್ಗರಣೆ ಹಾಕಿದರೆ ಏಳು ಹಳ್ಳಿ ಆಚೆ ಕುದುರೆಗಳು ಹುಲ್ಲು ಬಿಟ್ಟು ತಲೆ ಎತ್ತುತ್ತಿದ್ದವು, ಬೇಕಾದರೆ ನಂಬಿ.

ಒಂದು ದಿನ ಪಾಳೇಗಾರ ನ್ಯಾಯ ಹೇಳುವ ಪಂಚರನ್ನೆಲ್ಲ ಮನೆಗೆ ಅಟ್ಟಿದ. "ಕಟ್ಟಳೆ ಮಾಡೋನು ನಾನು, ಕಳ್ಳನ್ನ ಹಿಡಿಯೋನು ನಾನು. ತೀರ್ಪಿಗೆ ಬೇರೆಯವರು ಯಾಕೆ?" ಅಂದ. ಕೇಳಿದ ಎತ್ತು ಕೊಡಲಿಲ್ಲ ಅಂತ ಅಜ್ಜನ ತಮ್ಮನನ್ನು ತಾನೇ ಹಿಡಿಸಿ, ತಾನೇ ಕಳ್ಳ ಅಂತ ತೀರ್ಪು ಕೊಟ್ಟು ಸೆರೆಗೆ ಹಾಕಿದ. ಆಮೇಲೆ ಅಜ್ಜನಿಗೇ ಹಬ್ಬದಡುಗೆ ಮಾಡು ಅಂತ ಹೇಳಿ ಕಳಿಸಿದ.

ಅಜ್ಜ ಎಲೆ ತುಂಬ ಬಡಿಸಿದ. ಪಾಳೇಗಾರ ತುತ್ತು ಎತ್ತಿ, ಸುತ್ತ ನೋಡಿದ. "ವಿಷ ಇದೆಯಾ ಅಂತ ಮೊದಲು ತಿಂದು ನೋಡೋ ಭರಮ ಎಲ್ಲೋ?"

"ಕಳಿಸಿಬಿಟ್ಟೆ, ಬುದ್ಧಿ. ಬೇಯಿಸೋನು ನಾನು, ಬಡಿಸೋನು ನಾನು. ವಿಷ ಇಲ್ಲ ಅಂತಾನೂ ನಾನೇ ಹೇಳ್ತೀನಿ. ಉಣ್ಣಿ."

"ನೀನೇ ಹೇಳಿದರೆ ನಂಬೋದು ಹೆಂಗೆ?"

"ಸೆರೆಯಲ್ಲಿರೋ ನನ್ನ ತಮ್ಮನೂ ಅದನ್ನೇ ಕೇಳ್ತಾವನೆ, ಬುದ್ಧಿ."

ತುತ್ತು ಕೈಯಲ್ಲೇ ಉಳೀತು. ಪಾಳೇಗಾರ ಅದನ್ನು ಎಲೆಗೇ ಹಾಕಿ, ಎಲೆ ಆಚೆ ತಳ್ಳಿದ. "ನಿನ್ನ ಮಾತು ನಿಜ ಕಣೋ," ಅಂದ.

ಮಾರನೇ ದಿನದಿಂದ ರುಚಿ ನೋಡೋಕೆ ಇಬ್ಬರು ಬಂದರು. ಪಂಚರು ಬರಲಿಲ್ಲ. ಅಜ್ಜನ ತಮ್ಮ ಸೆರೆಯಲ್ಲೇ ಮುದುಕನಾದ.